ಕಾಲುವೆ ದಂಡೆಯ ಮನೆಯೂ ಆಯ್ದಕ್ಕಿ ಲಕ್ಕಮ್ಮನ ಅಳತೆಯೂ

ಗೃಹಸ್ಥನು ಮನೆ ಕಟ್ಟುವ ದಿನಕ್ಕೆ ವಿಧಿಯುಂಟು. ಅಸ್ತಿಭಾರವಿಡುವಾಗ ಪೂಜೆಯುಂಟು, ಬಾಗಿಲು ನಿಲ್ಲಿಸುವಾಗ ಕಾಯಿ ಒಡೆಯುವುದುಂಟು, ಒಳಹೊಗುವ ದಿನ ಗುರುಜಂಗಮರ ಪಾದಪೂಜೆಯೂ ಬಂಧುಬಳಗದ ಊಟವೂ ಉಂಟು. ಆದರೆ ಅದೇ ಮನೆಯನ್ನು ಮಾರುವ ದಿನಕ್ಕೆ ಯಾವ ವಿಧಿಯೂ ಇಲ್ಲ. ನೋಂದಣಿ ಕಚೇರಿಯಲ್ಲಿ ಹೆಬ್ಬೆಟ್ಟು, ಇಬ್ಬರು ಸಾಕ್ಷಿಗಳು, ಎಣಿಸಿಕೊಂಡ ಹಣ. ಅಲ್ಲಿಗೆ ಎಲ್ಲವೂ ಮುಗಿಯಿತೆಂದು ಲೋಕವು ತಿಳಿಯುತ್ತದೆ. ವಿಚಾರಿಸಿ ನೋಡಿದರೆ ಭಕ್ತನ ಆಚಾರವು ಒರೆಗೆ ಹತ್ತುವುದು ಮನೆಯನ್ನು ಹೊಗುವ ದಿನಕ್ಕಿಂತ ಬಿಡುವ ದಿನದಲ್ಲಿಯೇ ಹೆಚ್ಚು. ಹೊಗುವ ದಿನ ಹತ್ತು ಜನ ನೋಡುತ್ತಿರುತ್ತಾರೆ. ಬಿಡುವ ದಿನ ನೋಡುವವನು ಅಂಗದ ಮೇಲಣ ಲಿಂಗವೊಂದೇ. ಆದುದರಿಂದ ಈ ಪ್ರಶ್ನೆಯು ಸಣ್ಣದಲ್ಲ: ಸದಾಚಾರಿಯಾದ ಭಕ್ತನು ತನ್ನ ಮನೆಯನ್ನು ಮಾರುವಾಗ ಯಾವುದನ್ನು ಮಾರಬಹುದು, ಯಾವುದನ್ನು ಮಾರಲಾಗದು, ಯಾವುದನ್ನು ಕೇಳದಿದ್ದರೂ ಬಾಯಿಬಿಟ್ಟು ಹೇಳಲೇಬೇಕು?

ಈ ಪ್ರಶ್ನೆಯನ್ನು ಬರಿಯ ತರ್ಕದಲ್ಲಿ ಬಿಡಿಸುವುದಕ್ಕಿಂತ ಒಂದು ನೆಲದ ಮೇಲಿರಿಸಿ ಬಿಡಿಸುವುದು ಲೇಸು. ಅದಕ್ಕೆ ಸಿಂಧನೂರು ಸೀಮೆಯಷ್ಟು ಒಪ್ಪುವ ನೆಲ ಬೇರೆಯಿಲ್ಲ. ತುಂಗಭದ್ರೆಗೆ ಅಣೆಕಟ್ಟು ಕಟ್ಟುವುದಕ್ಕೆ ಮೊದಲು ಅದು ಜೋಳ ಹತ್ತಿಗಳ ಎರೆಭೂಮಿ. ಮಳೆ ಬಂದರೆ ಬೆಳೆ, ಇಲ್ಲದಿದ್ದರೆ ಬರ. ಅಂದಿನ ಮದರಾಸು ಮತ್ತು ಹೈದರಾಬಾದು ಸರಕಾರಗಳು ಕೂಡಿ 1945ರಲ್ಲಿ ಆರಂಭಿಸಿದ ಅಣೆಕಟ್ಟಿನ ಕೆಲಸವು 1953ರ ವೇಳೆಗೆ ಸಿದ್ಧಿಗೆ ಬಂದಿತು. ಮುನಿರಾಬಾದಿನಿಂದ ಹೊರಟ ಎಡದಂಡೆ ಕಾಲುವೆಯು ಸುಮಾರು 227 ಕಿಲೋಮೀಟರು ಹರಿದು, ಗಂಗಾವತಿ ಸಿಂಧನೂರುಗಳನ್ನು ತಣಿಸಿ, ಮಾನ್ವಿ ರಾಯಚೂರುಗಳತ್ತ ಸಾಗುತ್ತದೆ. ನೀರು ಬಂದ ಮೇಲೆ ನೆಲದ ಬೆಲೆ ಬೇರೆಯಾಯಿತು, ಬಾಳೂ ಬೇರೆಯಾಯಿತು. ಆಂಧ್ರದ ಕರಾವಳಿಯ ರೈತರು ಬಂದು ನೆಲ ಕೊಂಡು ಕ್ಯಾಂಪುಗಳನ್ನು ಕಟ್ಟಿದರು. ಪೂರ್ವಬಂಗಾಳದಿಂದ ನಿರಾಶ್ರಿತರಾಗಿ ಬಂದವರಿಗೂ ಸಿಂಧನೂರಿನ ಬಳಿ ನೆಲೆ ದೊರೆಯಿತು. ಜೋಳದ ಹೊಲಗಳು ಬತ್ತದ ಗದ್ದೆಗಳಾದವು. ಕಾಲುವೆಯ ದಂಡೆಗೆ ಮನೆಯಿದ್ದರೆ ಅದೊಂದು ಭಾಗ್ಯವೆಂದು ಜನರು ಎಣಿಸತೊಡಗಿದರು.

ಅಂಥದೊಂದು ಕಾಲುವೆ ದಂಡೆಯ ಊರಿನಲ್ಲಿ, ದೃಷ್ಟಾಂತಕ್ಕಾಗಿ, ಒಂದು ಮನೆಯನ್ನೂ ಅದರ ಒಡೆಯನನ್ನೂ ಕಲ್ಪಿಸಿಕೊಳ್ಳುವುದು. ಅವನಿಗೆ ಹೆಸರು ಬೇಡ. ಅವನಂಥವರು ಆ ಸೀಮೆಯಲ್ಲಿ ಒಬ್ಬರೇ ಅಲ್ಲ. ಬತ್ತಕ್ಕೆ ಒಳ್ಳೆಯ ಬೆಲೆ ಬಂದ ವರ್ಷಗಳಲ್ಲಿ ಅಣ್ಣತಮ್ಮಂದಿರಿಬ್ಬರು ಎರಡು ಅಂತಸ್ತಿನ ಮನೆ ಕಟ್ಟಿದರು. ಪಾಲಾದಾಗ ಮೇಲಿನ ಅಂತಸ್ತು ತಮ್ಮನಿಗೆ ಹೋಯಿತು. ಕೆಳಗಿನದೂ ಅದಕ್ಕೆ ಹೊಂದಿದ ಕೈತೋಟವೂ ಅಣ್ಣನಿಗೆ ಬಂದವು. ತೋಟವೆಂದರೆ ದೊಡ್ಡದೇನಲ್ಲ: ಎರಡು ತೆಂಗು, ಒಂದು ನುಗ್ಗೆ, ಪೇರಲ, ನಿಂಬೆ, ಕರಿಬೇವು, ಮಲ್ಲಿಗೆಯ ಹಂಬು, ದಾಸವಾಳ, ಮೂಲೆಯಲ್ಲೊಂದು ಬಿಲ್ವ. ಬೆಳಗಾಗೆದ್ದು ಆ ಮನೆಯ ಗೃಹಿಣಿಯು ಹೂವು ಪತ್ರಿ ಬಿಡಿಸಿ ತರುತ್ತಾಳೆ. ಮನೆಯವರೆಲ್ಲ ಅದರಿಂದ ಲಿಂಗಪೂಜೆ ಮಾಡುತ್ತಾರೆ. ಮಗನಿಗೆ ಶಸ್ತ್ರಚಿಕಿತ್ಸೆಯಾಯಿತು; ಮಗನು ಉಳಿದ, ಸಾಲವೂ ಉಳಿಯಿತು. ಸಾಲ 20 ಲಕ್ಷ. ಅದನ್ನು ತೀರಿಸಲು ಕೆಳಅಂತಸ್ತನ್ನು ತೋಟಸಮೇತ ಮಾರುವುದೆಂದು ನಿಶ್ಚಯವಾಯಿತು.

ಕೊಳ್ಳಲು ಬಂದವರು ನೌಕರಿಯಿಂದ ನಿವೃತ್ತರಾದ ವೃದ್ಧ ದಂಪತಿಗಳು. ಅವರು ಬಂದುದು ಕಾಲುವೆ ತುಂಬಿ ಹರಿಯುವ ಆಶ್ವಯುಜದಲ್ಲಿ. ಹಿಂದೆ ನೀರಿನ ಸದ್ದು, ಮುಂದೆ ಹಸಿರು ಗದ್ದೆ, ಅಂಗಳದಲ್ಲಿ ಮಲ್ಲಿಗೆ. ಕಡೆಗಾಲವನ್ನು ಕಳೆಯಲು ಇದಕ್ಕಿಂತ ತಾಣ ಬೇಡವೆಂದು ಅವರಿಗೆನಿಸಿತು. 24 ಲಕ್ಷ ಕೊಡಲು ಒಪ್ಪಿದರು. ಒಡೆಯನಿಗೆ ತಿಳಿದು ಅವರಿಗೆ ತಿಳಿಯದಿದ್ದ ಸಂಗತಿಗಳು ನಾಲ್ಕು. ಒಂದನೆಯದು, ಕಾಲುವೆಯಲ್ಲಿ ನೀರಿರುವ ತಿಂಗಳುಗಳಲ್ಲಿ ಹಿಂಬದಿಯ ಗೋಡೆಗೆ ಬುಡದಿಂದ ತೇವವೇರಿ ಉಪ್ಪು ಬಿಡುತ್ತದೆ, ಗಾರೆ ಉದುರುತ್ತದೆ. ಆ ವರ್ಷದ ಬಣ್ಣ ಬಳಿದುದರಿಂದ ಅದು ಕಾಣುತ್ತಿಲ್ಲ. ಎರಡನೆಯದು, ಎರಡನೆಯ ಬೆಳೆಯ ನೀರು ನಿಂತ ಮೇಲೆ ಮಳೆಗಾಲದವರೆಗೆ ಕಾಲುವೆ ಬತ್ತುತ್ತದೆ. ಆಗ ಕೊಳವೆಬಾವಿಯ ಸವುಳು ನೀರೇ ಗತಿ. ಮೂರನೆಯದು, ಮೇಲಿನ ಅಂತಸ್ತಿನವರು ಮೆಟ್ಟಿಲೇರಲು ತೋಟದೊಳಗಿಂದಲೇ ನಡೆಯಬೇಕು. ಈ ಹಾದಿಯ ಮಾತು ಪಾಲುಪತ್ರದಲ್ಲಿಲ್ಲ. ನಾಲ್ಕನೆಯದು ಎಲ್ಲಕ್ಕಿಂತ ಗುಟ್ಟಿನದು. ಆ ತೋಟದ ಹಸಿರಿಗೆ ಕಾರಣವು ದಂಡೆಯ ಮಣ್ಣಿನೊಳಗೆ ಹೂತಿಟ್ಟ ಒಂದು ಕೊಳವೆ. ಅದಕ್ಕೆ ಅಪ್ಪಣೆಯಿಲ್ಲ, ಕರವಿಲ್ಲ. ರಾತ್ರಿ ತಿರುಗಿಸಿದರೆ ಕಾಲುವೆಯ ನೀರು ತೋಟಕ್ಕೆ ಬರುತ್ತದೆ.

ಎಲ್ಲವನ್ನೂ ಹೇಳಿದರೆ 24 ಲಕ್ಷದ ಮನೆ 18ಕ್ಕೆ ಇಳಿಯುತ್ತದೆ. ಸಾಲ ಪೂರ್ಣವಾಗಿ ತೀರದು. ಹೇಳದಿದ್ದರೆ ಸಾಲವೂ ತೀರಿ ಕೈಯಲ್ಲಿ ನಾಲ್ಕು ಲಕ್ಷ ಉಳಿಯುತ್ತದೆ. ಭಕ್ತನ ಮುಂದಿರುವ ಕವಲು ಇದು.

ಮೊದಲು ಪೂರ್ವಪಕ್ಷವನ್ನು ಅದಕ್ಕೆ ಸಲ್ಲುವ ಬಲದೊಡನೆ ಮುಂದಿಡುವುದು ನ್ಯಾಯ. ತಮ್ಮನು ಹೇಳುತ್ತಾನೆ: “ಅಣ್ಣಾ, ಕೊಳ್ಳುವವರಿಗೆ ಕಣ್ಣಿಲ್ಲವೆ? ಗೋಡೆಯನ್ನು ತಟ್ಟಿ ನೋಡಬೇಕಾದವರು ಅವರು. ಸಂತೆಯಲ್ಲಿ ಎತ್ತು ಮಾರುವವನು ತನ್ನ ಎತ್ತಿನ ಹಲ್ಲನ್ನು ತಾನೇ ಎಣಿಸಿ ತೋರಿಸುತ್ತಾನೆಯೆ?” ನೆರೆಯವನು ಹೇಳುತ್ತಾನೆ: “ದಂಡೆಯ ಉದ್ದಕ್ಕೂ ಎಷ್ಟು ಪಂಪು, ಎಷ್ಟು ಕೊಳವೆ! ಎಕರೆಗಟ್ಟಲೆ ಬತ್ತಕ್ಕೆ ಎಳೆಯುವವರಿದ್ದಾರೆ. ನಿಮ್ಮ ಮಲ್ಲಿಗೆಗೆ ಹೋಗುವ ಹನಿಯಿಂದ ಯಾರ ಹೊಲ ಒಣಗೀತು?” ಬಂಧುವೊಬ್ಬನು ಹೇಳುತ್ತಾನೆ: “ಹೆಂಡತಿ ಮಕ್ಕಳನ್ನು ಸಲಹುವುದು ಗೃಹಸ್ಥನ ಮೊದಲ ಧರ್ಮ. ಸಾಲಗಾರನಿಗೆ ಕೊಟ್ಟ ಮಾತೂ ಧರ್ಮವೇ. ಊರವರಲ್ಲದವರಿಗಾಗಿ ಮನೆಯವರನ್ನು ಬೀದಿಗೆ ತಳ್ಳುವುದು ಯಾವ ಶಾಸ್ತ್ರ?” ವೇದಾಂತದ ಮಾತು ಬಲ್ಲ ಇನ್ನೊಬ್ಬನು ಹೇಳುತ್ತಾನೆ: “ಮಣ್ಣು ಶಿವನದು, ನೀರು ಶಿವನದು, ಮನೆಯೂ ಶಿವನದು. ನೀನು ಮಾರುವವನೂ ಅಲ್ಲ, ಅವರು ಕೊಳ್ಳುವವರೂ ಅಲ್ಲ. ಇದರಲ್ಲಿ ಪಾಪಪುಣ್ಯವೆಲ್ಲಿ?”

ಈ ನಾಲ್ಕು ಮಾತುಗಳಲ್ಲಿ ಒಂದನ್ನೂ ಹಗುರವೆಂದು ತಳ್ಳಲಾಗದು. ಆದರೆ ಇವುಗಳಿಗೆ ಉತ್ತರ ಹುಡುಕಲು ದೂರ ಹೋಗಬೇಕಾಗಿಯೂ ಇಲ್ಲ. ಸಿಂಧನೂರಿಗೆ ನೆರೆಯಾದ ಲಿಂಗಸುಗೂರು ತಾಲೂಕಿನಲ್ಲಿ ಗುರುಗುಂಟಾ ಬಳಿ ಅಮರೇಶ್ವರವಿದೆ. ಆಯ್ದಕ್ಕಿ ಮಾರಯ್ಯ, ಆಯ್ದಕ್ಕಿ ಲಕ್ಕಮ್ಮ ಎಂಬ ಶರಣದಂಪತಿಗಳು ಆ ನೆಲದವರು. ಲಕ್ಕಮ್ಮನ ವಚನಗಳ ಅಂಕಿತದಲ್ಲಿ ಅಮರೇಶ್ವರಲಿಂಗದ ಹೆಸರು ಇಂದಿಗೂ ನಿಂತಿದೆ. ಅವರು ಕಲ್ಯಾಣಕ್ಕೆ ಹೋದರು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದನ್ನೇ ಕಾಯಕವಾಗಿಸಿಕೊಂಡರು. ಆ ಅಕ್ಕಿಯಿಂದ ಜಂಗಮದಾಸೋಹ ನಡೆಯುತ್ತಿತ್ತು. ಒಂದು ದಿನ ಮಾರಯ್ಯನು ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿಯನ್ನು ತಂದನು. ಲಕ್ಕಮ್ಮನು ಅದನ್ನು ಒಳಗೆ ಕೊಳ್ಳಲಿಲ್ಲ. ಹೆಚ್ಚಾದುದನ್ನು ಇದ್ದ ಎಡೆಗೇ ಸುರಿದು ಬರುವಂತೆ ಗಂಡನನ್ನು ಹಿಂದಕ್ಕೆ ಕಳುಹಿದಳು. ಈ ಕಥೆಯನ್ನು ಕೇಳದ ಲಿಂಗಾಯತ ಮನೆಯಿಲ್ಲ. ಆದರೆ ಕಥೆಯು ಎಷ್ಟು ಪರಿಚಿತವೋ ಅದರ ಮರ್ಮವು ಅಷ್ಟೇ ಮರೆತುಹೋಗಿದೆ.

ಮಾರಯ್ಯನು ಕದಿಯಲಿಲ್ಲ. ಅಕ್ಕಿಯು ಅಂಗಳದಲ್ಲಿ ಬಿದ್ದಿತ್ತು, ಯಾರೂ ಬೇಡವೆನ್ನಲಿಲ್ಲ. ತನ್ನ ಹೊಟ್ಟೆಗೆಂದೂ ತರಲಿಲ್ಲ, ದಾಸೋಹಕ್ಕೆ ತಂದನು. ಲೋಕದ ಕಣ್ಣಿಗೆ ಅದರಲ್ಲಿ ತಪ್ಪೇನೂ ಇಲ್ಲ, ಪುಣ್ಯವೇ ಇದೆ. ಆದರೂ ಲಕ್ಕಮ್ಮನು ಒಪ್ಪಲಿಲ್ಲವೇಕೆ? ಆಕೆಯು ಅಕ್ಕಿಯ ಒಡೆತನವನ್ನು ವಿಚಾರಿಸಲಿಲ್ಲ. ಕೈಯ ಅಳತೆಯನ್ನು ವಿಚಾರಿಸಿದಳು. ತನ್ನ ಕಾಯಕಕ್ಕೆ ಸಲ್ಲುವುದಕ್ಕಿಂತ ಒಂದು ಹಿಡಿ ಹೆಚ್ಚು ಬಂದಾಗ ಆ ಒಂದು ಹಿಡಿಯೊಳಗೆ ಆಸೆಯು ಹೊಕ್ಕಿರುತ್ತದೆ, ಅದು ನಾಳೆಯ ಮೇಲಣ ಅಪನಂಬಿಕೆ. ಅಂಥ ಅಕ್ಕಿಯಿಂದ ಮಾಡಿದ ಅಡಿಗೆಯು ಜಂಗಮಕ್ಕೆ ಪದಾರ್ಥವಾಗಲಾರದು, ಭಕ್ತನಿಗೆ ಪ್ರಸಾದವಾಗಲಾರದು. ಪದಾರ್ಥವು ಪ್ರಸಾದವಾಗುವುದು ಮಂತ್ರದಿಂದ ಮಾತ್ರವಲ್ಲ. ಅದು ಬಂದ ದಾರಿಯ ಶುದ್ಧಿಯಿಂದ ಎಂಬುದು ಶರಣರ ಸಿದ್ಧಾಂತ. ವಿಚಿತ್ರವೇನೆಂದರೆ, ಲಕ್ಕಮ್ಮನು ಒಂದು ಹಿಡಿ ಅಕ್ಕಿಯನ್ನು ಒಲ್ಲೆನೆಂದಳು. ಆಕೆಯ ತವರುಸೀಮೆಗೆ ನೆರೆಯಾದ ಸಿಂಧನೂರು ಇಂದು ಬತ್ತದ ಕಣಜವೆಂದು ಹೆಸರಾಗಿದೆ. ಅಕ್ಕಿ ಹೆಚ್ಚಾಯಿತು. ಅಳತೆ ಉಳಿಯಿತೆ?

ಈ ಅಳತೆಗೋಲನ್ನು ಹಿಡಿದು ಈಗ ಒಂದೊಂದೇ ಮಾತನ್ನು ಅಳೆಯಬಹುದು.

ಕೊಳ್ಳುವವರಿಗೆ ಕಣ್ಣಿದೆಯೆಂಬುದು ತಮ್ಮನ ಮಾತು. ಕಣ್ಣಿಗೆ ಕಾಣುವ ದೋಷದ ವಿಷಯದಲ್ಲಿ ಅದು ಸರಿ. ಅಂಗಳ ಕಿರಿದು, ಅಡಿಗೆಮನೆ ಕತ್ತಲು, ಬಾಗಿಲು ಹಳತು; ಇವನ್ನು ಮಾರುವವನು ಸಾರಿ ಹೇಳಬೇಕಾಗಿಲ್ಲ. ಆದರೆ ಬಣ್ಣದ ಕೆಳಗಣ ಉಪ್ಪು ಆಶ್ವಯುಜದ ಒಂದು ಮಧ್ಯಾಹ್ನ ಬಂದುಹೋಗುವವರ ಕಣ್ಣಿಗೆ ಬೀಳದು. ವೈಶಾಖದ ಒಣಗಿದ ಕಾಲುವೆ ತುಂಬಿದ ಕಾಲುವೆಯೊಳಗೆ ಅಡಗಿರುತ್ತದೆ. ಈ ವಿವೇಕವನ್ನು ಸರಕಾರದ ಕಾಯಿದೆಯೂ ಕಂಡುಕೊಂಡಿದೆ. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 55ನೆಯ ಪ್ರಕರಣವು, ಮಾರುವವನಿಗೆ ಗೊತ್ತಿದ್ದು ಕೊಳ್ಳುವವನಿಗೆ ಗೊತ್ತಿಲ್ಲದ, ಸಾಮಾನ್ಯ ಎಚ್ಚರದಿಂದ ಅವನಿಗೆ ಕಾಣಿಸದ ಮುಖ್ಯ ದೋಷವನ್ನು ತಿಳಿಸುವುದು ಮಾರುವವನ ಕರ್ತವ್ಯವೆಂದು ವಿಧಿಸುತ್ತದೆ. ಕಾಯಿದೆಯೇ ಇಷ್ಟು ಕೇಳುವಾಗ ಲಿಂಗವಂತನ ಆಚಾರವು ಅದಕ್ಕಿಂತ ಕಡಿಮೆ ಕೇಳೀತೆ? ಎತ್ತಿನ ಸಂತೆಯ ಹೋಲಿಕೆಯೂ ಇಲ್ಲಿ ಒಗ್ಗದು. ಎತ್ತಿನ ಹಲ್ಲನ್ನು ಕೊಳ್ಳುವವನು ತಾನೇ ತೆರೆದು ನೋಡಬಲ್ಲ. ಹಲ್ಲನ್ನು ಉಜ್ಜಿ ಕಿರಿಯ ಎತ್ತೆಂದು ತೋರಿಸುವವನನ್ನು ಸಂತೆಯೂ ಕ್ಷಮಿಸುವುದಿಲ್ಲ. ಉಪ್ಪಿನ ಮೇಲೆ ಬಣ್ಣ ಬಳಿದು ತೋರಿಸುವುದು ಅದಕ್ಕೆ ಸಮಾನ.

ಇಲ್ಲಿ ಒಂದು ಸೂಕ್ಷ್ಮವನ್ನು ಮರೆಯಬಾರದು. ಎಲ್ಲ ಮೌನವೂ ಸುಳ್ಳಲ್ಲ. ತನ್ನ ಮಗನ ಕಾಯಿಲೆ, ತನ್ನ ಸಾಲದ ಮೊತ್ತ, ತಾನು ಎಷ್ಟಕ್ಕೆ ಇಳಿಯಬಲ್ಲೆನೆಂಬ ಲೆಕ್ಕ, ಇವು ಮಾರುವವನ ಮನೆಯೊಳಗಿನ ಮಾತುಗಳು. ಅವನ್ನು ಹೇಳದಿರುವುದು ಕಪಟವಲ್ಲ. ಹೇಳಿದರೆ ಕೊಳ್ಳುವವರ ಕರುಣೆಯನ್ನು ಕೆರಳಿಸಿ ಬೆಲೆಯೇರಿಸಿದಂತೆಯೂ ಆಗಬಹುದು. ಬಾಯಿಬಿಟ್ಟು ಹೇಳಬೇಕಾದುದು ಒಡೆಯನ ಕಷ್ಟವಲ್ಲ, ವಸ್ತುವಿನ ದೋಷ. ಮಾರಾಟವಾದ ಮೇಲೆ ಒಡೆಯನ ಕಷ್ಟ ಒಡೆಯನ ಜೊತೆಗೇ ಹೋಗುತ್ತದೆ. ವಸ್ತುವಿನ ದೋಷವು ಕೊಂಡವರ ಮನೆಯಲ್ಲಿ ಉಳಿಯುತ್ತದೆ. ಯಾರ ಮನೆಯಲ್ಲಿ ಉಳಿಯುವುದೋ ಅವರಿಗೆ ಅದು ಮೊದಲೇ ತಿಳಿದಿರಬೇಕು. ಮೆಟ್ಟಿಲಿನ ಹಾದಿಯ ಮಾತೂ ಇಂಥದೇ. ಇಂದು ಅಣ್ಣತಮ್ಮಂದಿರೆಂದು ಮಾತಿನಲ್ಲಿ ನಡೆದ ಹಾದಿಯು, ನಾಳೆ ಅಪರಿಚಿತರ ನಡುವೆ ವ್ಯಾಜ್ಯವಾಗುತ್ತದೆ. ವೃದ್ಧರು ಕಡೆಗಾಲದ ಶಾಂತಿಗೆಂದು ಕೊಂಡ ತೋಟವು ಕೋರ್ಟಿನ ದಾರಿಯಾಗುತ್ತದೆ. ಪತ್ರದಲ್ಲಿ ನಾಲ್ಕು ಸಾಲು ಬರೆಸುವುದಕ್ಕೆ ಸಂಕೋಚಪಟ್ಟು ನಾಲ್ಕು ಜನರ ನೆಮ್ಮದಿಯನ್ನು ಕೆಡಿಸುವುದು ಗೃಹಸ್ಥಧರ್ಮವಲ್ಲ.

ಇನ್ನು ನೆರೆಯವನ ಮಾತು: ತನ್ನ ಹನಿಯಿಂದ ಯಾರ ಹೊಲ ಒಣಗೀತು? ಈ ಮಾತಿಗೆ ಉತ್ತರವು ಕಾಲುವೆಯ ಕೊನೆಯಲ್ಲಿದೆ. ಎಡದಂಡೆ ಕಾಲುವೆಯನ್ನು ಮೊದಲಿಗೆ ಯೋಜಿಸಿದುದು ಜೋಳ, ಹತ್ತಿ, ಶೇಂಗಾಗಳಂಥ ಕಡಿಮೆ ನೀರಿನ ಬೆಳೆಗಳನ್ನು ಮುಖ್ಯವಾಗಿ ಎಣಿಸಿ, ಹೆಚ್ಚು ನೆಲಕ್ಕೆ ಸ್ವಲ್ಪಸ್ವಲ್ಪ ನೀರನ್ನು ಹಂಚುವುದಕ್ಕಾಗಿ. ಮೇಲ್ಭಾಗದಲ್ಲಿ ಬತ್ತ ಹರಡಿತು, ಕಬ್ಬೂ ಬಂದಿತು. ದಂಡೆಯಲ್ಲಿ ಅಪ್ಪಣೆಯಿಲ್ಲದ ಪಂಪುಗಳು ಕುಳಿತವು. ಅಣೆಕಟ್ಟಿನಲ್ಲಿ ಹೂಳು ತುಂಬಿ, ಮೊದಲು ಸುಮಾರು 133 ಟಿಎಂಸಿ ಇದ್ದ ಧಾರಣಶಕ್ತಿಯು ಸುಮಾರು 105ಕ್ಕೆ ಇಳಿಯಿತು. ನೀರು ಕಡಿಮೆಯಾಯಿತು, ಎಳೆಯುವ ಬಾಯಿ ಹೆಚ್ಚಾಯಿತು. ಮಾನ್ವಿ, ಸಿರವಾರ, ರಾಯಚೂರು ಕಡೆಯ ಕೊನೆಯಂಚಿನ ರೈತರು ತಮ್ಮ ಪಾಲಿನ ನೀರಿಗಾಗಿ ವರ್ಷವರ್ಷವೂ ರಸ್ತೆಗಿಳಿಯುವಂತಾಯಿತು. ಅತ್ತ ಅವರಿಗೆ ನೀರು ಸಾಲದೆ ಬೆಳೆ ಒಣಗಿದರೆ, ಇತ್ತ ಮೇಲ್ಭಾಗದಲ್ಲಿ ನೀರು ಹೆಚ್ಚಾಗಿ ಎಷ್ಟೋ ನೆಲ ಸವುಳು ಜವುಳಾಯಿತು. ಒಬ್ಬನ ಪಾಲಿನ ನೀರು ಇನ್ನೊಬ್ಬನ ಹೊಲದಲ್ಲಿ ಉಪ್ಪಾಗಿ ನಿಂತಿತು. ಆ ಮನೆಯ ಹಿಂಬದಿಯ ಗೋಡೆಗೆ ಏರುವ ಉಪ್ಪು ಬೇರೆ ಜಾತಿಯದಲ್ಲ.

2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಸರಪಳಿ ಕಡಿದು ಗೇಟು ಕೊಚ್ಚಿಹೋದಾಗ ನದಿಗೆ ಹರಿದುಹೋಗುವ ನೀರನ್ನು ಕಂಡು ಸೀಮೆಯೇ ತಲ್ಲಣಿಸಿತು. ಕೆಲವೇ ದಿನಗಳಲ್ಲಿ ತಾತ್ಕಾಲಿಕ ಗೇಟನ್ನಿಳಿಸಿ ನೀರನ್ನು ತಡೆದಾಗ ಜನರು ನಿಟ್ಟುಸಿರುಬಿಟ್ಟರು. ಒಂದು ಗೇಟು ಮುರಿದುದು ಎಲ್ಲರಿಗೂ ಕಂಡಿತು. ದಂಡೆಯ ಮಣ್ಣಿನೊಳಗೆ ಹೂತ ಸಾವಿರ ಕೊಳವೆಗಳು ಯಾರಿಗೂ ಕಾಣುವುದಿಲ್ಲ. ಹನಿಯೆಂದು ಎಣಿಸುವವನು ತನ್ನ ಹನಿಯೊಂದನ್ನೇ ಎಣಿಸುತ್ತಾನೆ. ಕೊನೆಯಂಚಿನವನು ಬಾರದ ಹನಿಗಳನ್ನೆಲ್ಲ ಒಟ್ಟಿಗೆ ಎಣಿಸುತ್ತಾನೆ. ಕರ್ನಾಟಕ ನೀರಾವರಿ ಕಾಯಿದೆಯು 1965ರಿಂದಲೇ ಅಪ್ಪಣೆಯಿಲ್ಲದೆ ಕಾಲುವೆಯ ನೀರೆಳೆಯುವುದನ್ನು ಅಪರಾಧವೆಂದಿದೆ. 2024ರ ತಿದ್ದುಪಡಿಯಲ್ಲಿ ಅದು ಇನ್ನೂ ಬಿಗಿಯಾಯಿತು. ಆದರೆ ದಂಡದ ಭಯದಿಂದ ತೆಗೆದ ಕೊಳವೆಯು ದಂಡೆ ಕಾಯುವವನು ಮರೆಯಾದೊಡನೆ ಮತ್ತೆ ಹೂಳಲ್ಪಡುತ್ತದೆ. ಆಚಾರದ ಮಾತು ಬೇರೆ. ಸಿಂಧನೂರಿಗೆ ಸಮೀಪದ ಮಸ್ಕಿಯಲ್ಲಿ 1915ರಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನವು ಚಕ್ರವರ್ತಿಯ ಹೆಸರನ್ನು ಹೇಳುವುದರಿಂದ ವಿದ್ವಾಂಸರಲ್ಲಿ ಪ್ರಸಿದ್ಧವಾಗಿದೆ. ಆ ಬಂಡೆಯು ಅಷ್ಟಕ್ಕೇ ನಿಲ್ಲದೆ, ಧರ್ಮದಿಂದ ದೊರೆಯುವ ಉನ್ನತಿಯು ದೊಡ್ಡವರಿಗೆ ಮಾತ್ರವೆಂದು ತಿಳಿಯಬಾರದು, ಅಲ್ಪನೂ ಧರ್ಮನಿಷ್ಠನಾದರೆ ಅದನ್ನು ಪಡೆಯಬಲ್ಲನು ಎಂಬ ಅರ್ಥವನ್ನೂ ಸಾರುತ್ತದೆ. ಅಲ್ಪನಿಗೆ ಧರ್ಮದ ಫಲದಲ್ಲಿ ಪಾಲುಂಟೆಂದರೆ ಧರ್ಮದ ಹೊಣೆಯಲ್ಲಿಯೂ ಪಾಲುಂಟು. ತನ್ನದು ಸಣ್ಣ ಕೊಳವೆಯೆಂದು ಹೇಳಿ ತಪ್ಪಿಸಿಕೊಳ್ಳುವವನು ತನ್ನನ್ನೇ ಸಣ್ಣವನನ್ನಾಗಿಸಿಕೊಳ್ಳುತ್ತಾನೆ.

ಕೊಳವೆಯಿಂದ ನೀರೆಳೆದುದು ಒಂದು ತಪ್ಪು. ಅದನ್ನು ತೋಟದ ಜೊತೆಗೆ ಮಾರುವುದು ಇನ್ನೊಂದು ತಪ್ಪು, ಮತ್ತು ಮೊದಲಿನದಕ್ಕಿಂತ ದೊಡ್ಡದು. ಎಳೆದಾಗ ಪಾಪವು ತನ್ನ ಕೈಯಲ್ಲಿತ್ತು. ಮಾರಿದಾಗ ಅದನ್ನು ಅರಿಯದ ವೃದ್ಧರ ಕೈಗೆ ಕೊಟ್ಟು, ಅದಕ್ಕೆ ಬೆಲೆಯನ್ನೂ ಪಡೆದಂತಾಯಿತು. ಕೊನೆಯಂಚಿನ ರೈತನ ನೀರನ್ನು ಮಾರಲು ಇವನಿಗೆ ಹಕ್ಕಿಲ್ಲ. ಆ ರೈತನು ಕ್ರಯಪತ್ರಕ್ಕೆ ರುಜು ಹಾಕಲು ಬರುವುದೂ ಇಲ್ಲ.

ಬಂಧುವಿನ ಮಾತು ಇವೆಲ್ಲಕ್ಕಿಂತ ಕಠಿಣವಾದುದು. ಮಗನಿಗಾಗಿ ಮಾಡಿದ ಸಾಲ ನಿಜ. ಸಾಲ ತೀರಿಸುವುದು ಧರ್ಮ, ಇದೂ ನಿಜ. ಶರಣಮಾರ್ಗವು ಸಂಸಾರವನ್ನು ಬಿಡಹೇಳಿದ ಮಾರ್ಗವಲ್ಲ. ಹೆಂಡತಿ ಮಕ್ಕಳನ್ನು ಕಡೆಗಣಿಸಿ ಗಳಿಸಿದ ಸತ್ಯವನ್ನು ಅದು ಮೆಚ್ಚಲಾರದು. ಹಾಗಾದರೆ ಆ ಆರು ಲಕ್ಷದ ಅಂತರವನ್ನು ಯಾರು ಹೊರಬೇಕು? ಮೌನವಾಗಿದ್ದರೆ ಅದನ್ನು ಹೊರುವವರು ಆ ವೃದ್ಧರು. ಅವರು ಈ ಮನೆಯ ಮಗನ ಚಿಕಿತ್ಸೆಗೆ ಹಣ ಕೊಟ್ಟಂತಾಯಿತು, ಆದರೆ ಅವರಿಗೇ ಅದು ಗೊತ್ತಿಲ್ಲ. ಬೇಡಿ ಪಡೆದಿದ್ದರೆ ಅದು ಸಹಾಯವಾಗುತ್ತಿತ್ತು, ಕೊಟ್ಟವರಿಗೆ ಪುಣ್ಯವಾಗುತ್ತಿತ್ತು. ಮುಚ್ಚಿ ಪಡೆದುದರಿಂದ ಅದು ಕಳವಾಯಿತು, ಕೊಟ್ಟವರಿಗೆ ನಷ್ಟ ಮಾತ್ರ ಉಳಿಯಿತು. ಒಬ್ಬರ ಸಾಲವನ್ನು ಇನ್ನೊಬ್ಬರ ತಲೆಗೆ ಅರಿವಿಲ್ಲದೆ ಹೊರಿಸಿದರೆ ಋಣವು ತೀರಲಿಲ್ಲ. ಅದರ ವಿಳಾಸ ಮಾತ್ರ ಬದಲಾಯಿತು. ಸಾಲ ಕೊಟ್ಟವನ ಬಳಿಗೆ ಹೋಗಿ, ಎರಡು ಲಕ್ಷ ಉಳಿಯುತ್ತದೆ, ಎರಡು ಸುಗ್ಗಿ ತಾಳಬೇಕೆಂದು ಕೇಳುವುದು ನಾಚಿಕೆಯ ಕೆಲಸವೆನಿಸಬಹುದು. ಸತ್ಯದ ದಾರಿಯಲ್ಲಿ ಆ ಎರಡು ಲಕ್ಷದ ಭಾರವು ಗೃಹಸ್ಥನ ಹೆಗಲ ಮೇಲೆಯೇ ಇರುತ್ತದೆಂಬುದನ್ನು ಮರೆಮಾಚಬಾರದು. ಶರಣರ ಮಾರ್ಗವು ಖರ್ಚಿಲ್ಲದ ಮಾರ್ಗವೆಂದು ಯಾರೂ ಹೇಳಿಲ್ಲ. ಆದರೆ ಅದು ತನ್ನ ಭಾರ. ತಾನು ಅರಿತು ಹೊತ್ತ ಭಾರ.

ಬೆಲೆಯ ವಿಷಯದಲ್ಲಿ ನುಲಿಯ ಚಂದಯ್ಯನವರ ನಡೆಯೂ ಇಲ್ಲಿ ನೆನೆಯತಕ್ಕುದು. ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರುವುದು ಅವರ ಕಾಯಕ. ಹಗ್ಗಕ್ಕೆ ಸಲ್ಲುವ ಬೆಲೆಗಿಂತ ಹೆಚ್ಚಿನ ಹೊನ್ನು ಬಂದಾಗ ಅವರು ಅದನ್ನು ಒಲ್ಲೆನೆಂದರೆಂದು ಪುರಾತನರ ಕಥೆಗಳು ಹೇಳುತ್ತವೆ. ಹಗ್ಗದಲ್ಲಿ ಎಷ್ಟು ಹುಲ್ಲು, ಎಷ್ಟು ಹೊತ್ತಿನ ದುಡಿಮೆ ಇದೆಯೋ ಅಷ್ಟೇ ಅದರ ಬೆಲೆ. ಕೊಡುವವನ ಔದಾರ್ಯವೂ ಅರಿಯದಿರುವಿಕೆಯೂ ಹಗ್ಗದ ಗುಣಗಳಲ್ಲ. ಮನೆ ಮಾರುವವನು ಈ ಲೆಕ್ಕವನ್ನು ಧೈರ್ಯವಾಗಿ ಹಾಕಬಹುದು. ಗೋಡೆಗಳು ಅವನವು, ಬಾಗಿಲು ಕಿಟಕಿಗಳು ಅವನವು. ಗುಂಡಿ ತೋಡಿ, ಗೊಬ್ಬರ ಹಾಕಿ, ಮೇಕೆ ತಿನ್ನದಂತೆ ಕಾದು ಬೆಳೆಸಿದ ತೆಂಗು ಪೇರಲಗಳಲ್ಲಿ ಅವನ ಕಾಯಕವಿದೆ. ಅವಕ್ಕೆ ನ್ಯಾಯವಾದ ಬೆಲೆ ಕೇಳುವುದರಲ್ಲಿ ಸಂಕೋಚ ಬೇಡ. ತನ್ನ ವಸ್ತುವನ್ನು ತಾನೇ ಹಳಿದುಕೊಳ್ಳುವುದೂ ಸತ್ಯವಲ್ಲ. ಕೊಳ್ಳುವವರಿಗೂ ಇದೇ ಅಳತೆ ಸಲ್ಲುತ್ತದೆ. ಮಾರುವವನು ಸಾಲದಲ್ಲಿ ಸಿಕ್ಕಿದ್ದಾನೆಂದು ಹೇಗೋ ತಿಳಿದು, 18 ಲಕ್ಷದ ಮನೆಯನ್ನು 12ಕ್ಕೆ ಹಿಂಡುವವನು, ಗೋಡೆಯ ಉಪ್ಪನ್ನು ಮುಚ್ಚುವವನಿಗಿಂತ ಶುದ್ಧನೇನೂ ಅಲ್ಲ. ಹೆಚ್ಚಾದ ಒಂದು ಹಿಡಿಯು ಯಾವ ಕೈಯಲ್ಲಿದ್ದರೂ ಲಕ್ಕಮ್ಮನ ಪ್ರಶ್ನೆ ಒಂದೇ.

ಉಳಿದುದು ವೇದಾಂತದ ಮಾತು. ಎಲ್ಲವೂ ಶಿವನದಾದರೆ ಮಾರುವವನಾರು, ಕೊಳ್ಳುವವನಾರು? ಕೇಳಲು ಎತ್ತರದ ಮಾತು. ಆದರೆ ಈ ಮಾತನ್ನಾಡುವವನು 24 ಲಕ್ಷವನ್ನು ಎಣಿಸಿಕೊಳ್ಳುವಾಗ ಅದು ಶಿವನದೆಂದು ಬಿಟ್ಟುಬರುವುದಿಲ್ಲ. ಪಡೆಯುವಾಗ ವ್ಯವಹಾರ, ಹೇಳುವಾಗ ಪರಮಾರ್ಥ. ಇದು ಅದ್ವೈತವಲ್ಲ, ಅನುಕೂಲ. ಪ್ರಭುದೇವರ ನಿಲುವನ್ನು ಬಲ್ಲವರು ಬಲ್ಲರು: ಮಣ್ಣಿಗೆ ತಾನಾಗಿ ಕಟ್ಟುವ ಗುಣವಿಲ್ಲ, ಕಟ್ಟುವುದು ಅದನ್ನು ನೋಡುವ ಮನದ ಆಸೆ. ಹೀಗಿರಲಾಗಿ ಮನೆಯನ್ನು ಮಾರಿ ಮಣ್ಣನ್ನು ಕಳೆದುಕೊಂಡಮಾತ್ರಕ್ಕೆ ಯಾರೂ ಬಿಡುಗಡೆ ಹೊಂದರು. ಮಾರುವ ಗಳಿಗೆಯಲ್ಲಿ ಆಸೆಯು ನಾಲಗೆಯನ್ನು ಹಿಡಿದುಕೊಂಡರೆ, ಮನೆ ಹೋದರೂ ಮಾಯೆ ಉಳಿಯಿತು. ಎಲ್ಲವೂ ಶಿವನದೆಂದು ನಿಜವಾಗಿ ನಂಬಿದವನು ಕಾಲುವೆಯ ನೀರನ್ನು ಶಿವನ ಮನೆಯ ನೀರೆಂದೇ ಕಾಣುತ್ತಾನೆ. ಆ ಮನೆಯ ಪಂಕ್ತಿಯಲ್ಲಿ ಮೊದಲು ಕುಳಿತವನು ಪಾತ್ರೆಯನ್ನೇ ಬರಿದುಮಾಡಿದರೆ ಕೊನೆಯಲ್ಲಿ ಕುಳಿತವನ ಎಲೆಗೆ ಏನು ಬಂದೀತು? ದಾಸೋಹದಲ್ಲಿ ಕೊನೆಯ ಎಲೆಗೆ ಬಡಿಸಿದ ಮೇಲೆಯೇ ಊಟ ಆರಂಭವಾಗುವುದನ್ನು ಮಠದ ಪಂಕ್ತಿಯಲ್ಲಿ ಕುಳಿತವರೆಲ್ಲರೂ ಕಂಡಿದ್ದಾರೆ. ಕಾಲುವೆಯೂ ಅಂಥದೊಂದು ಪಂಕ್ತಿ. 227 ಕಿಲೋಮೀಟರಿನ ಪಂಕ್ತಿ.

ಆಮೇಲೆ ಉಳಿಯುವುದು ಪತ್ರಿಯ ಪ್ರಶ್ನೆ. ಪುರುಷರು ಬೆಲೆಯ ಲೆಕ್ಕದಲ್ಲಿ ಮುಳುಗಿರುವಾಗ ಈ ಪ್ರಶ್ನೆಯು ಹೊಳೆಯುವುದು ಬೆಳಗಿನಲ್ಲಿ ಬಿಲ್ವದ ಕೆಳಗೆ ನಿಲ್ಲುವ ಗೃಹಿಣಿಗೆ. ರಾತ್ರಿ ಕದ್ದ ನೀರುಂಡ ಗಿಡದ ಹೂವನ್ನು ಬೆಳಗ್ಗೆ ಲಿಂಗಕ್ಕೇರಿಸಿದರೆ ಅದು ಪೂಜೆಯೆ? ಆಕೆಯು ಗಂಡನಿಗೆ ಹೇಳಬಹುದಾದ ಮಾತು ಇಷ್ಟೇ: “ಮನೆಯನ್ನು ಯಾರಿಗಾದರೂ ಮಾರಿರಿ, ಎಷ್ಟಕ್ಕಾದರೂ ಮಾರಿರಿ. ಅದಕ್ಕೆ ಮೊದಲು ಆ ಕೊಳವೆಯನ್ನು ಕಿತ್ತುಹಾಕಿರಿ. ಹೋಗುವ ಮೊದಲು ನಾಲ್ಕು ದಿನವಾದರೂ ನಮ್ಮದೇ ನೀರಿನ ಹೂವನ್ನು ಲಿಂಗಯ್ಯನಿಗೆ ಏರಿಸಿ ಹೋಗೋಣ.” ಅಮರೇಶ್ವರದ ಲಕ್ಕಮ್ಮನ ಮಾತು ಎಂಟು ನೂರು ವರ್ಷಗಳ ಮೇಲೂ ಅದೇ ಸೀಮೆಯ ಒಂದು ಹಿತ್ತಲಿನಲ್ಲಿ ಹೀಗೆ ಮತ್ತೆ ಕೇಳಿಬರಬಲ್ಲದು. ಕೊಳವೆ ಕಿತ್ತರೆ ಮಲ್ಲಿಗೆ ಬಾಡಬಹುದು. ಪಾತ್ರೆ ತೊಳೆದ ನೀರನ್ನೂ ಮೀಯುವ ನೀರನ್ನೂ ಗಿಡಗಳ ಬುಡಕ್ಕೆ ತಿರುಗಿಸಿದರೆ ಪೇರಲ ನಿಂಬೆಗಳು ಉಳಿಯಬಹುದು. ಬಿಲ್ವಕ್ಕಂತೂ ಭಯವಿಲ್ಲ, ಅದು ಬರವನ್ನು ತಾಳುವ ಮರ.

ಹೀಗೆ ನಡೆದ ಗೃಹಸ್ಥನ ಮನೆಗೆ ಬೆಲೆ ಕಡಿಮೆ ಬರುತ್ತದೆ. ಮೊದಲು ಬಂದ ದಂಪತಿಗಳು ತೇವದ ಗೋಡೆಯ ಮಾತನ್ನು ಕೇಳಿ ಹಿಂದೆ ಸರಿಯಲೂಬಹುದು; ಇನ್ನೊಬ್ಬರು ಬರುವವರೆಗೆ ಬಡ್ಡಿ ಬೆಳೆಯಬಹುದು. ಸತ್ಯ ಹೇಳಿದವನಿಗೆ ಮರುದಿನವೇ ಲಾಭವಾಯಿತೆಂದು ಕಥೆ ಕಟ್ಟುವುದು ಸುಲಭ, ಆದರೆ ಅದು ಸತ್ಯಕ್ಕೆ ಮಾಡುವ ಅಪಚಾರ. ಲಕ್ಕಮ್ಮನಿಗೆ ಹೆಚ್ಚಿನ ಅಕ್ಕಿಯನ್ನು ಹಿಂದಿರುಗಿಸಿದುದಕ್ಕೆ ದೊರೆತುದು ಅಕ್ಕಿಯಲ್ಲ. ಮರುದಿನದ ಬೆಳಗ್ಗೆ ಎಂದಿನಷ್ಟೇ ಅಕ್ಕಿ, ಎಂದಿನ ಕಾಯಕ, ಸಂಕೋಚವಿಲ್ಲದೆ ಬಡಿಸಬಹುದಾದ ಒಂದು ಎಲೆ. ಮನೆ ಮಾರಿದ ಭಕ್ತನಿಗೂ ಅಷ್ಟು ದೊರೆಯುತ್ತದೆ. ಎಂದಾದರೊಂದು ದಿನ ಆ ಬೀದಿಯಲ್ಲಿ ಹಾಯುವಾಗ, ಕೊಂಡವರು ಬಾಗಿಲಲ್ಲಿ ನಿಂತು ಒಳಕರೆದರೆ, ತಲೆತಗ್ಗಿಸದೆ ಒಳಗೆ ಹೋಗಿ ಅವರ ಕೈಯ ಒಂದು ಲೋಟ ನೀರನ್ನು ಕುಡಿಯಬಲ್ಲನು.

ಇಷ್ಟನ್ನು ಸದ್ಭಕ್ತರು ತಮ್ಮ ತಮ್ಮ ಮನೆಗಳಲ್ಲಿ ವಿಚಾರಿಸಲಿ. ಮಾರುವವನ ನಾಲಗೆಯಲ್ಲಿಯೂ ಕೊಳ್ಳುವವನ ಕೈಯಲ್ಲಿಯೂ ಲಕ್ಕಮ್ಮನ ಅಳತೆಯು ನೆಲೆಗೊಳ್ಳಲಿ. ಕಾಲುವೆಯ ಕೊನೆಯ ಹೊಲಕ್ಕೂ ನೀರು ಮುಟ್ಟಲಿ.

ಶರಣು ಶರಣಾರ್ಥಿ.